ಸಿಂಗಳೀಕದ ಮುಖ ನೆಟ್ಟಗೆ ಕೂತಿತು: ನನ್ನ ಕ್ರೋಶಾ ಬ್ಯಾಗಿನ ಅನುಭವ

ಸುತ್ತಿನಲ್ಲಿ ಹಾಕಿದ ಬ್ಯಾಗಿನ ಮೇಲೆ ಪ್ರಾಣಿಯ ಮುಖ ನೆಟ್ಟಗೆ ಕೂರೋದಿಲ್ಲ, ಕೂತರೂ ಕ್ರೋಶಾ ಬ್ಯಾಗು ಭಾರ ತಡೆಯೋದಿಲ್ಲ. ಶಿರಸಿ ಕಡೆ ಕ್ರೋಶಾದ ಕೊಕ್ಕೆಕಡ್ಡಿ ಹಿಡಿದವರ ಬಾಯಲ್ಲಿ ಈ ಎರಡು ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ನನಗೆ ಕ್ರೋಶಾ ಕಲಿಸಿದ ಅಕ್ಕನೇ ನನ್ನ ಮೊದಲ ಬ್ಯಾಗನ್ನು ಕೈಗೆ ತೆಗೆದುಕೊಂಡು, ಎರಡು ಸಲ ಜಗ್ಗಿ ನೋಡಿ, "ಇದು ಜೋತು ಬೀಳ್ತು ತಂಗೀ, ಎಂತಕ್ಕೂ ಆಗ್ತಿಲ್ಲೆ" ಅಂದಿದ್ದರು. ಈಗ ಅವರ ಅಡುಗೆಮನೆಯ ಮೊಳೆಗೆ ನನ್ನ ಸಿಂಗಳೀಕದ ಬ್ಯಾಗೇ ತೂಗುತ್ತಿದೆ, ಒಳಗೆ ಎರಡು ಸೌತೆಕಾಯಿ, ಒಂದು ಕುಂಬಳಕಾಯಿ ಹೋಳು. ಇನ್ನು ಬರೆದರೆ ತಪ್ಪಿಲ್ಲ ಅಂದುಕೊಂಡೆ.

ಸಿಂಗಳೀಕವೇ ಯಾಕೆ ಅಂತ ಕೇಳುತ್ತಾರೆ. ಬೆಕ್ಕು, ಪಾಂಡಾ, ಮೊಲ ಎಲ್ಲರೂ ಹಾಕುತ್ತಾರೆ. ಇದು ನಮ್ಮ ಕಾಡಿನ ಮಂಗ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಇಲ್ಲ, 2011ರಲ್ಲಿ ಅಘನಾಶಿನಿ ಕಣಿವೆಯಲ್ಲಿ ಇದರ ಹೆಸರಿನಲ್ಲೇ ಸಂರಕ್ಷಿತ ಪ್ರದೇಶ ಘೋಷಣೆ ಆಯಿತು. ಅದು ಅಭಿಮಾನದ ಕಾರಣ. ಕಸುಬಿನ ಕಾರಣ ಬೇರೆ ಇದೆ: ಕಪ್ಪು ಮುಖ, ಸುತ್ತ ಬೂದು ಕೇಸರ, ಎರಡೇ ಬಣ್ಣಕ್ಕೆ ಪ್ರಾಣಿ ಮುಗಿಯಿತು. ಕೇಸರದ ಅಂಚು ಹೇಗೂ ಕೆದರಿಕೊಂಡೇ ಇರುತ್ತದೆ, ಹಾಗಾಗಿ ಒಂದು ಸ್ಟಿಚ್ ಆಚೀಚೆ ಆದರೂ ಕಣ್ಣಿಗೆ ಹೊಡೆಯುವುದಿಲ್ಲ. ಬೆಕ್ಕಿನ ಕಿವಿ ಅಷ್ಟು ದಯಾಳು ಅಲ್ಲ. ಹುಲಿಯ ಪಟ್ಟೆಯಂತೂ ಕೇಳಲೇಬೇಡಿ.

ಟೇಪೆಸ್ಟ್ರಿ, ಅಂದರೆ ಬೇರೆ ಬಣ್ಣದ ದಾರವನ್ನು ಸ್ಟಿಚ್ಚಿನ ಒಳಗೇ ಹೊರಿಸಿಕೊಂಡು ಚಿತ್ರ ಮೂಡಿಸುವ ಕ್ರೋಶಾ, ಹಾಕಿದವರಿಗೆ ಗೊತ್ತಿರುವ ಸಂಗತಿ: ತಿರುಗಿಸದೆ ಸುತ್ತು ಸುತ್ತಾಗಿ ಸಿಂಗಲ್ ಕ್ರೋಶಾ ಅನ್ನುವ ಗಿಡ್ಡ ಸ್ಟಿಚ್ಚು ಹಾಕುತ್ತ ಹೋದರೆ ಪ್ರತಿ ಸ್ಟಿಚ್ಚೂ ಕೆಳಗಿನದರ ಮೇಲೆ ಸರಿಯಾಗಿ ಕೂರದೆ ಸ್ವಲ್ಪ ಬಲಕ್ಕೆ ಸರಿಯುತ್ತದೆ. ನನ್ನ ಕೈಗೆ ಸುಮಾರು ನಾಲ್ಕು ಸುತ್ತಿಗೆ ಒಂದು ಸ್ಟಿಚ್ಚಿನಷ್ಟು. ಮುಖಕ್ಕೆ ನಲವತ್ತು ಸುತ್ತು ಬೇಕು ಅಂದರೆ ಗದ್ದದಿಂದ ನೆತ್ತಿಗೆ ಹೋಗುವಷ್ಟರಲ್ಲಿ ಹತ್ತು ಸ್ಟಿಚ್ ಓರೆ. ಮೊದಲ ಮುಖ ಪಕ್ಕದ ಮನೆಯ ಮಾತು ಕದ್ದು ಕೇಳುವವರ ಹಾಗೆ ವಾಲಿತ್ತು.

ಇದಕ್ಕೆ ಎಲ್ಲರೂ ಹೇಳುವ ಮದ್ದು ಎರಡು. ಒಂದು, ಮುಖವನ್ನು ಬೇರೆ ಹಾಕಿ ಬ್ಯಾಗಿನ ಮೇಲೆ ಹೊಲಿಯುವುದು. ಅದನ್ನು ಮಾಡಿದ್ದೇನೆ, ಮಾರಿಯೂ ಇದ್ದೇನೆ. ಬ್ಯಾಗಿಗೆ ಭಾರ ಬಿದ್ದಾಗ ಬ್ಯಾಗು ಹಿಗ್ಗುತ್ತದೆ, ಮುಖ ಹಿಗ್ಗುವುದಿಲ್ಲ, ಅಂಚಿನ ಹೊಲಿಗೆ ಒಂದೊಂದಾಗಿ ಕಿತ್ತುಬರುತ್ತದೆ. ಎರಡು ತಿಂಗಳಿಗೆ ಕೆನ್ನೆ ಎದ್ದು ನಿಂತ ಬ್ಯಾಗುಗಳು ವಾಪಸು ಬಂದವು, ರಿಪೇರಿಗೆ ದುಡ್ಡು ಕೇಳುವ ಹಾಗಿಲ್ಲ. ಇನ್ನೊಂದು ಮದ್ದು, ಎರಡು ಚಪ್ಪಟೆ ತುಂಡು ಹಾಕಿ, ಪ್ರತಿ ಸಾಲಿಗೂ ತಿರುಗಿಸಿ, ಕೊನೆಗೆ ಬದಿ ಕೂಡಿಸುವುದು. ಮುಖವೇನೋ ನೆಟ್ಟಗೆ ಬರುತ್ತದೆ. ಆದರೆ ಒಂದು ಸಾಲು ಮುಂಬದಿ, ಒಂದು ಸಾಲು ಹಿಂಬದಿ ಆಗಿ ಕಪ್ಪಿನ ಮೇಲೆ ಗೀರು ಗೀರು ಕಾಣುತ್ತದೆ. ಹಿಂಬದಿ ಸಾಲಿನಲ್ಲಿ ಬಣ್ಣದ ದಾರ ಯಾವ ಕಡೆ ಬಿಡಬೇಕು ಅನ್ನುವುದರಲ್ಲೇ ತಲೆ ಕೆಡುತ್ತದೆ. ಬದಿಯ ಜೋಡಣೆಯೋ, ಮೊದಲು ಬಾಯಿ ಬಿಡುವ ಜಾಗ ಅದೇ.

ನಾನು ಹಿಡಿದ ದಾರಿ ಹೀಗೆ. ಮೊದಲು ದಾರ ಎಳೆಯುವ ರೀತಿ ಬದಲಿಸಿದೆ. ಕಡ್ಡಿ ತೂರಿಸಿದ ಮೇಲೆ ದಾರವನ್ನು ಕಡ್ಡಿಯ ಮೇಲಿಂದ ಸುತ್ತಿಕೊಳ್ಳದೆ, ಕಡ್ಡಿಯನ್ನೇ ದಾರದ ಮೇಲೆ ಇಟ್ಟು ಕೆಳಗಿನಿಂದ ಎಳೆದುಕೊಳ್ಳುವುದು. ಎರಡನೇ ಎಳೆತ ಮಾಮೂಲಿನಂತೆ. ಸ್ಟಿಚ್ಚು ಕತ್ತರಿ ಗುರುತಿನ ಆಕಾರಕ್ಕೆ ಬರುತ್ತದೆ, ಬಿಗಿಯಾಗುತ್ತದೆ, ವಾಲುವುದು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಕಡ್ಡಿ ಮಾತ್ರ ಅರ್ಧ ಮಿಲಿಮೀಟರ್ ದಪ್ಪದ್ದು ತೆಗೆದುಕೊಳ್ಳಿ, ನಾನು 3.5 ಬಿಟ್ಟು 4ಕ್ಕೆ ಹೋದೆ. ಇಲ್ಲದಿದ್ದರೆ ಸಂಜೆಗೆ ಹೆಬ್ಬೆರಳು ಮಾತು ಕೇಳುವುದಿಲ್ಲ.

ಉಳಿದ ಓರೆಗೆ ಗ್ರಾಫ್ ಪುಸ್ತಕದಲ್ಲೇ ಪರಿಹಾರ. ದಾರ ಬಲಕ್ಕೆ ವಾಲುತ್ತದೆ ಅಂತ ಗೊತ್ತಿದ್ದ ಮೇಲೆ ಚಿತ್ರವನ್ನು ಮೊದಲೇ ಅಷ್ಟೇ ಎಡಕ್ಕೆ ವಾಲಿಸಿ ಬರೆದುಕೊಂಡೆ. ಅಂದರೆ ಏಳೆಂಟು ಸುತ್ತಿಗೊಮ್ಮೆ ಮುಖವನ್ನು ಒಂದು ಸ್ಟಿಚ್ ತಡವಾಗಿ ಶುರು ಮಾಡುವುದು. ಕಾಗದದ ಮೇಲೆ ಅದು ಎಡಕ್ಕೆ ಬಿದ್ದುಹೋದ ಮಂಗ. ನಮ್ಮ ಸಂಘದಲ್ಲಿ ಆ ಹಾಳೆ ಕೈಯಿಂದ ಕೈಗೆ ಹೋಗಿ ಎಲ್ಲರೂ ಚೆನ್ನಾಗಿ ನಕ್ಕರು, "ಇದು ಮಂಗನೋ, ಮಂಗನ ಬಾವು ಬಂದವನೋ" ಅಂತ. ನಗಲಿ. ದಾರದಲ್ಲಿ ಅದೇ ನೆಟ್ಟಗೆ ಎದ್ದು ನಿಂತಿತು.

ಒಂದು ಎಚ್ಚರ ಮಾತ್ರ ಬೇಕು. ಇಡೀ ಮುಖವನ್ನು ಒಂದೇ ಸುತ್ತಿನಲ್ಲಿ ಸರಿಸಿದರೆ ಎರಡೂ ಕೆನ್ನೆಯಲ್ಲಿ ಮೆಟ್ಟಿಲು ಕಾಣುತ್ತದೆ. ಒಂದು ಕೆನ್ನೆ ಈ ಸುತ್ತಿನಲ್ಲಿ, ಇನ್ನೊಂದು ಕೆನ್ನೆ ಎರಡು ಸುತ್ತು ಬಿಟ್ಟು ಸರಿಸಿ. ಕಣ್ಣುಗಳನ್ನು ಯಾವಾಗ ಸರಿಸಬೇಕು, ಕಪ್ಪು ಮುಖದ ಮೇಲೆ ಕಂದು ಕಣ್ಣು ಕಾಣುವ ಹಾಗೆ ಹೇಗೆ ಕೂರಿಸಬೇಕು ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ನನ್ನ ಬ್ಯಾಗು ಮಾರಾಟ ಆಗುವುದೇ ಆ ಕಣ್ಣಿನಿಂದ.

ಗ್ರಾಫ್ ಪುಸ್ತಕದ ಚೌಕ ಚೌಕವೇ, ಸ್ಟಿಚ್ಚು ಚೌಕವಲ್ಲ. ನನಗೆ ಹತ್ತು ಸೆಂಟಿಮೀಟರಿಗೆ ಸುಮಾರು 18 ಸ್ಟಿಚ್, 20 ಸುತ್ತು ಬರುತ್ತದೆ. ಗ್ರಾಫಿನಲ್ಲಿ ದುಂಡಗೆ ಬರೆದ ಮುಖ ಬ್ಯಾಗಿನಲ್ಲಿ ಚಪ್ಪಟೆ ಆಗುತ್ತದೆ, ಆದ್ದರಿಂದ ಕಾಗದದಲ್ಲಿ ಹತ್ತಕ್ಕೆ ಒಂದು ಸಾಲು ಹೆಚ್ಚೇ ಬರೆಯಿರಿ. ಬ್ಯಾಗಿನ ಸುತ್ತಳತೆ 130 ಸ್ಟಿಚ್ಚಿನ ಆಸುಪಾಸು, ಎತ್ತರ 70 ಸುತ್ತು ಚಿಲ್ಲರೆ.

ಇನ್ನು ಭಾರದ ಮಾತು. ಹಸಿರು ಮೈ, ಕಪ್ಪು, ಬೂದು ಅಂತ ಮೂರು ಬಣ್ಣ. ಕೆಲಸವಿಲ್ಲದ ಎರಡು ಬಣ್ಣವನ್ನು ಮುಖದ ಜಾಗದಲ್ಲಿ ಮಾತ್ರ ಒಳಗೆ ಹೊರಿಸಿ, ಉಳಿದ ಕಡೆ ಬಿಟ್ಟುಬಿಡಿ, ದಾರ ಉಳಿಯುತ್ತದೆ ಅಂತ ಎಲ್ಲರ ಸಲಹೆ. ನಾನು ಬ್ಯಾಗಿನ ಬುಡದಿಂದ ಬಾಯಿಯವರೆಗೆ, ಎಲ್ಲ ಸುತ್ತಿನಲ್ಲೂ ಎರಡನ್ನೂ ಹೊರಿಸಿದೆ. ದಾರ ಐದರಲ್ಲಿ ಒಂದು ಪಾಲು ಹೆಚ್ಚು ಹೋಗುತ್ತದೆ, ಹೌದು. ಆದರೆ ಪ್ರತಿ ಸುತ್ತಿನ ಹೊಟ್ಟೆಯಲ್ಲಿ ಎರಡು ನೇರ ಎಳೆ ಕೂತಿದ್ದರಿಂದ ಬ್ಯಾಗು ಅಗಲಕ್ಕೆ ಹಿಗ್ಗುವುದೇ ಇಲ್ಲ. ಕೈಗೆ ದಪ್ಪ ಕಂಬಳಿಯ ಬಿಗಿ ಸಿಗುತ್ತದೆ. ಹೊರಿಸಿದ ಎಳೆಯನ್ನು ಪ್ರತಿ ಸುತ್ತಿನ ಕೊನೆಯಲ್ಲಿ ಮೆಲ್ಲಗೆ ಜಗ್ಗಿ ಸರಿಮಾಡಿ, ಆದರೆ ಬಟ್ಟೆ ನೆರಿಗೆ ಬೀಳುವಷ್ಟು ಬೇಡ. ಬೂದು ಕೇಸರದ ಸಂದಿನಲ್ಲಿ ಕಪ್ಪು ಇಣುಕುವ ಕಾಟ ಎಲ್ಲರಿಗೂ ಇದ್ದದ್ದೇ. ಅಲ್ಲಿ ಕಪ್ಪನ್ನು ಹಿಂದಕ್ಕೆ, ಹಸಿರನ್ನು ಮುಂದಕ್ಕೆ ಇಟ್ಟು ಹೊರಿಸಿದರೆ ಮುಕ್ಕಾಲು ಪಾಲು ಮುಚ್ಚುತ್ತದೆ. ಇಣುಕಿದಷ್ಟು ಇಣುಕಲಿ, ಸಿಂಗಳೀಕದ ಕೇಸರವೂ ಬಿಳಿ ಹಾಳೆಯಲ್ಲ.

ಹಿಡಿಕೆಗೆ ಟೈಲರ್ ಸಾಮಾನಿನ ಅಂಗಡಿಯ ಹತ್ತಿ ಪೈಪಿಂಗ್ ದಾರ, ಕಿರುಬೆರಳಿನ ಅರ್ಧ ದಪ್ಪದ್ದು. ಅದರ ಮೇಲೆಯೇ ಸಿಂಗಲ್ ಕ್ರೋಶಾ ಹಾಕುತ್ತ ಹೋಗಿ, ತುದಿಯನ್ನು ಬ್ಯಾಗಿನ ಬಾಯಿಯ ಹತ್ತಿರ ಕೊನೆಗೊಳಿಸದೆ, ಒಳಗಿನಿಂದ ಬುಡದವರೆಗೂ ಇಳಿಸಿ ಹೊಲಿದೆ. ಅಸ್ತರು ಹಾಕಿದ ಮೇಲೆ ಅದು ಕಾಣುವುದಿಲ್ಲ. ಆ ಅಕ್ಕನ ಎದುರೇ ಪರೀಕ್ಷೆ ಆಯಿತು: ಸುಲಿದ ತೆಂಗಿನಕಾಯಿ ಏಳೆಂಟು ತುಂಬಿಸಿ, ನಾಲ್ಕು ಕೆಜಿ ಹತ್ತಿರ ಇರಬಹುದು, ಜಗಲಿಯ ಕೊಂಡಿಗೆ ರಾತ್ರಿಯಿಡೀ ತೂಗುಬಿಟ್ಟೆವು. ನನ್ನ ಹಳೆಯ, ಹಗ್ಗವಿಲ್ಲದ ಹಿಡಿಕೆಯ ಬ್ಯಾಗನ್ನೂ ಪಕ್ಕದಲ್ಲೇ. ಬೆಳಿಗ್ಗೆ ನೋಡಿದರೆ ಹಳೆಯದು ಒಂದು ಗೇಣು ಇಳಿದಿತ್ತು. ಹೊಸದು ಎರಡು ಬೆರಳು. ಅಕ್ಕ ಏನೂ ಹೇಳದೆ ಚಹಾ ಇಡಲು ಒಳಗೆ ಹೋದರು, ಆಮೇಲೆ "ನಂಗೊಂದು ಹಾಕಿಕೊಡು" ಅಂದರು. ಪುಕ್ಕಟೆ ಕೊಡಲಿಲ್ಲ, ಅಸಲಿಗೆ ಕೊಟ್ಟೆ.

ಅಸಲು ಅಂದರೆ ಎಷ್ಟು? ನಾಲ್ಕು ಎಳೆಯ ಹತ್ತಿ ದಾರ ನೂರು ಗ್ರಾಂ ಉಂಡೆಗೆ 140-150 ರೂಪಾಯಿ, ಬ್ಯಾಗಿಗೆ 400 ಗ್ರಾಂ. ಅಸ್ತರಿನ ಬಟ್ಟೆ, ಟೈಲರ್ ಮಜೂರಿ, ಹಗ್ಗ ಎಲ್ಲ ಸೇರಿ ಇನ್ನೊಂದು 170. ಒಟ್ಟು 730-770. ಕೈಗೆಲಸ ಇಪ್ಪತ್ತರಿಂದ ಇಪ್ಪತ್ತೈದು ಗಂಟೆ. 2024ರ ಮಾರಿಕಾಂಬಾ ಜಾತ್ರೆಯ ಹೊತ್ತಿಗೆ ಇದನ್ನೇ 900ಕ್ಕೆ ಕೊಡುತ್ತಿದ್ದೆ. ಜಾತ್ರೆಗೆ ಬಂದವರು "ಫ್ಯಾನ್ಸಿ ಅಂಗಡಿಯಲ್ಲಿ 300ಕ್ಕೆ ಸಿಗ್ತದೆ" ಅಂತ ಅದಕ್ಕೂ ಚೌಕಾಸಿ ಮಾಡಿದರು. ಆಮೇಲೆ ಬೆಂಗಳೂರಿನ ಒಂದು ಕರಕುಶಲ ಅಂಗಡಿಗೆ ಕಳಿಸಿದೆ. ಬೆಲೆ 1,800, ಅವರ ಪಾಲು ನೂರಕ್ಕೆ ಮೂವತ್ತು. ಅವರು ಬ್ಯಾಗನ್ನು ಬಿಸಿಲು ಬೀಳುವ ಗಾಜಿನ ಕಿಟಕಿಯಲ್ಲಿ ತೂಗುಹಾಕಿ, ಹಸಿರನ್ನು ಒಣಗಿದ ಸೊಪ್ಪಿನ ಬಣ್ಣಕ್ಕೆ ತಂದು, "ಮಾಸಿದೆ" ಅಂತ ವಾಪಸು ಕಳಿಸಿದರು. ಕರಡಿ ಅಂದುಕೊಂಡು ಕೊಂಡವರೂ ಇದ್ದಾರಂತೆ. ಈಗ ನೇರ ಆರ್ಡರಿಗೆ ಮಾತ್ರ, ಅರ್ಧ ಮುಂಗಡ. 1,800ಕ್ಕೆ ಕೊಟ್ಟರೆ ಗಂಟೆಗೆ ನಲವತ್ತೈದು ರೂಪಾಯಿ ಗಿಟ್ಟುತ್ತದೆ. ಅಡಿಕೆ ಸುಲಿದರೆ ಇದಕ್ಕಿಂತ ಹೆಚ್ಚು ಬರುತ್ತದೆ ಅಂತ ನಮ್ಮತ್ತೆ ಲೆಕ್ಕ ಹೇಳುತ್ತಾರೆ, ಸುಳ್ಳಲ್ಲ.

ದಾರ ತರುವಾಗ ಒಂದು ಬ್ಯಾಗಿಗೆ ಬೇಕಾದ ಹಸಿರು ಉಂಡೆಗಳನ್ನೆಲ್ಲ ಒಂದೇ ಲಾಟ್ ನಂಬರು, ಅಂದರೆ ಒಂದೇ ಸಲ ಬಣ್ಣ ಹಾಕಿದ್ದು, ನೋಡಿ ಒಟ್ಟಿಗೆ ತನ್ನಿ. ಶೇಡ್ ನಂಬರು ಒಂದೇ ಇದ್ದರೂ ಲಾಟ್ ಬದಲಾದರೆ ಬ್ಯಾಗಿನ ನಡುವೆ ಸೊಂಟಪಟ್ಟಿ ಕಟ್ಟಿದ ಹಾಗೆ ಗೆರೆ ಕಾಣುತ್ತದೆ.

ಅಡಿಕೆ ಅಂದೆ, ಅದನ್ನು ಬೇಯಿಸಿದಾಗ ಉಳಿಯುವ ಬಣ್ಣದ ನೀರು, ಚೊಗರು, ನೆನಪಾಯಿತು. ಕೇಸರದ ಬೂದು ಬಣ್ಣ ಅಂಗಡಿಯ ಶೇಡುಗಳಲ್ಲಿ ನನಗೆ ಹಿಡಿಸಲಿಲ್ಲ, ಎಲ್ಲ ಸಿಮೆಂಟಿನ ಬಣ್ಣ. ಹೆಗ್ಗೋಡಿನ ಚರಕ ಅನ್ನುವ ಕೈಮಗ್ಗದ ಸಂಘದವರು ಅಡಿಕೆ ಚೊಗರಿನಲ್ಲಿ ನೂಲಿಗೆ ಬಣ್ಣ ಹಾಕುವುದು ಗೊತ್ತಿದ್ದದ್ದೇ. ನಮ್ಮ ಮನೆಯಲ್ಲಿ ಅಡಿಕೆ ಬೇಯಿಸಿದ ಹಂಡೆಯಿಂದಲೇ ಚೊಗರು ಎತ್ತಿಟ್ಟೆ. ಬಿಳಿ ಹತ್ತಿ ದಾರವನ್ನು ಲಡಿ ಮಾಡಿ, ವಾಷಿಂಗ್ ಸೋಡಾದಲ್ಲಿ ಕುದಿಸಿ ಎಣ್ಣೆಯಂಶ ತೆಗೆದು, ಚೊಗರಿನಲ್ಲಿ ಅದ್ದಿದರೆ ಕೆಂಪು ಮಿಶ್ರಿತ ಕಂದು. ಅದೇ ಲಡಿಯನ್ನು ತುಕ್ಕು ಮೊಳೆ ನೆನೆಹಾಕಿದ ನೀರಿಗೆ ಇಳಿಸಿದರೆ ಕಣ್ಣೆದುರೇ ಬೂದು ತಿರುಗುತ್ತದೆ. ಅಷ್ಟು ಚಂದದ ಬೂದು ಯಾವ ಅಂಗಡಿಯಲ್ಲೂ ಇಲ್ಲ, ಒಂದೊಂದು ಮಾರು ದಾರಕ್ಕೆ ಒಂದೊಂದು ಛಾಯೆ. ಆದರೆ ಕಬ್ಬಿಣ ಹತ್ತಿಯನ್ನು ತಿನ್ನುತ್ತದೆ. ನೀರು ಸ್ವಲ್ಪ ಗಟ್ಟಿಯಾದರೂ ದಾರ ಕೆಲವು ತಿಂಗಳಲ್ಲಿ ಪುಟುಪುಟು ಕಿತ್ತು ಬರುತ್ತದೆ. ಆ ದಾರ ಹಾಕಿದ ಒಂದು ಬ್ಯಾಗಿನ ಕೇಸರ ಈಗ ನಿಜವಾಗಲೂ ಕೆದರಿದೆ. ನೀರು ತೀರಾ ತೆಳುವಾಗಿ ಮಾಡಿ, ಆಮೇಲೆ ಚೆನ್ನಾಗಿ ತೊಳೆದು ಇನ್ನೊಂದು ಲಡಿ ಇಟ್ಟಿದ್ದೇನೆ. ಒಂದು ಮಳೆಗಾಲ ಕಳೆದ ಮೇಲೆ ಜಗ್ಗಿ ನೋಡಬೇಕು.

ಬಾಲವೂ ಇದೆ. ಸಿಂಗಳೀಕದ ಬಾಲದ ತುದಿಗೆ ಗೊಂಡೆ ಇರುತ್ತದಲ್ಲ, ಅದನ್ನು ಜಿಪ್ಪಿನ ಕೊಂಡಿಗೆ ಕಟ್ಟಿದೆ. ಬೀಗದ ಕೈ ಕಟ್ಟಿಕೊಳ್ಳಲು ಬರುತ್ತದೆ ಅಂತ ಬ್ಯಾಗಿಗಿಂತ ಬಾಲಕ್ಕೇ ಬೇಡಿಕೆ ಬಂತು. ಬಾಲ ಒಂದಕ್ಕೆ 80 ರೂಪಾಯಿ, ಅರ್ಧ ಗಂಟೆಯ ಕೆಲಸ, ಅಳಿದುಳಿದ ದಾರ. ಗಂಟೆಯ ಲೆಕ್ಕದಲ್ಲಿ ಇಡೀ ಪ್ರಾಣಿಗಿಂತ ಬಾಲವೇ ಲಾಭ. ಟೀಶರ್ಟ್ ದಾರದಲ್ಲಿ ಹುಲಿವೇಷದ ಮುಖವನ್ನೂ ಹಾಕಿದ್ದೆ, ಖಾಲಿ ಬ್ಯಾಗೇ ಒಂದು ಕೆಜಿ ತೂಗಿತು. ಅದೀಗ ಬೆಕ್ಕಿನ ಹಾಸಿಗೆ.

ಮಲೆನಾಡಿನವರಿಗೆ ಇನ್ನೊಂದು ಮಾತು: ಹೀಗೆ ಎಳೆ ಹೊರಿಸಿದ ಹತ್ತಿ ಬ್ಯಾಗು ಆಷಾಢದಲ್ಲಿ ಒಣಗುವುದಿಲ್ಲ, ಬೂಸ್ಟು ಹಿಡಿಯುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಒಣಗುತ್ತದೆ, ಹೊಗೆಯ ವಾಸನೆಯನ್ನೂ ಹೊತ್ತುಕೊಂಡು ಬರುತ್ತದೆ. ಪೇಟೆಯ ಗಿರಾಕಿಗೆ ಅದು ನಡೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಬ್ಯಾಗನ್ನು ಹಾಕಿ ಇಡುತ್ತೇನೆ, ತೊಳೆಯುವುದಿಲ್ಲ. ತೊಳೆದು ಆಕಾರಕ್ಕೆ ಚಪ್ಪಟೆ ಹಾಸಿ ಒಣಗಿಸುವುದು ಅಂಗಳಕ್ಕೆ ಬಿಸಿಲು ಬಂದ ಮೇಲೆ.

ನಕ್ಷೆ ಕಳಿಸಿ ಅಂತ ಕೇಳಬೇಡಿ, ಜಿಪುಣತನವಲ್ಲ. ಮೊದಲು ನಿಮ್ಮ ಕೈಯಲ್ಲಿ, ನಿಮ್ಮ ದಾರದಲ್ಲಿ ಇಪ್ಪತ್ತು ಸುತ್ತಿನ ಚಿಕ್ಕ ಕೊಳವೆ ಹಾಕಿ, ನಡುವೆ ಬೇರೆ ಬಣ್ಣದ ಒಂದೇ ಸ್ಟಿಚ್ಚನ್ನು ಒಂದರ ಮೇಲೊಂದು ಕೂರಿಸುತ್ತ ಹೋಗಿ. ಆ ಗೆರೆ ಎಷ್ಟು ಸ್ಟಿಚ್ ವಾಲಿತೋ ಅಷ್ಟೇ ನಿಮ್ಮ ಓರೆ. ನನ್ನ ನಾದಿನಿಯ ಮಗಳು ನನ್ನದೇ ನಕ್ಷೆ, ನನ್ನದೇ ದಾರ ಒಯ್ದು ಹಾಕಿದಳು, ಮುಖ ಅಡ್ಡಡ್ಡ ಬಿತ್ತು. ಅವಳು ಎಡಗೈಯವಳು, ಅವಳ ಸ್ಟಿಚ್ಚು ಎಡಕ್ಕೆ ವಾಲುತ್ತದೆ, ನನ್ನ ನಕ್ಷೆಯೂ ಎಡಕ್ಕೆ, ಎರಡು ಓರೆ ಒಂದಾದವು. ಅವಳಿಗೆಂದು ಇಡೀ ಮುಖವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆದುಕೊಟ್ಟೆ. ಬರೆದದ್ದಕ್ಕೆ ಮಜೂರಿ 200 ಕೇಳಿದ್ದೇನೆ, ಇನ್ನೂ ಬಂದಿಲ್ಲ.