ಅಡಿಕೆಯ ಕೊಳೆರೋಗದ ಮೇಲೆ ಕೃತಕ ಪೆಪ್ಟೈಡ್ ಪರೀಕ್ಷಿಸುವ ಕ್ರಮ

ತೀರ್ಥಹಳ್ಳಿ, ಹೊಸನಗರ, ಸಾಗರದ ತೋಟಗಳಲ್ಲಿ ಕೊಳೆರೋಗಕ್ಕೆ ಇಂದಿಗೂ ಮುಖ್ಯ ಆಸರೆ ಮೈಲುತುತ್ತ ಮತ್ತು ಸುಣ್ಣ ಬೆರೆಸಿ ಮಾಡುವ ಶೇಕಡಾ 1ರ ಬೋರ್ಡೋ ದ್ರಾವಣವೇ. ಸೂಕ್ಷ್ಮಾಣುನಾಶಕ ಪೆಪ್ಟೈಡ್‌ಗಳನ್ನು (ಅಮೈನೋ ಆಮ್ಲಗಳ ಕಿರು ಸರಪಳಿಗಳನ್ನು) ಈ ರೋಗದ ಮೇಲೆ ಪರೀಕ್ಷಿಸಲು ಹೊರಟ ಸಸ್ಯರೋಗಶಾಸ್ತ್ರದ ವಿದ್ಯಾರ್ಥಿಗಳು ಮಲೆನಾಡಿನ ಮಳೆಯನ್ನು ಮೊದಲ ಹಂತದಿಂದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ರೋಗಕಾರಕ ಫೈಟಾಫ್ತೊರಾ ನಿಜವಾದ ಶಿಲೀಂಧ್ರವಲ್ಲ, ಶಿಲೀಂಧ್ರದಂತೆ ಕಾಣುವ ಬೇರೆ ಗುಂಪಿನ ಜೀವಿ. ನೀರಿನಲ್ಲಿ ಈಜಿ ಹರಡುವ ಅದರ ಚಲಬೀಜಾಣುಗಳಿಗೆ ಕೋಶಭಿತ್ತಿ ಇರುವುದಿಲ್ಲವಾದ್ದರಿಂದ, ಧನ ವಿದ್ಯುದಂಶವುಳ್ಳ ಪೆಪ್ಟೈಡ್ ನೇರವಾಗಿ ಕೋಶಪೊರೆಗೆ ಅಂಟಿಕೊಂಡು ಅದನ್ನು ಒಡೆಯುವ ಅವಕಾಶ ಈ ಹಂತದಲ್ಲಿ ಹೆಚ್ಚು. ಉದಾಹರಣೆಗೆ, ಕೀಟಗಳಲ್ಲಿ ಸಿಗುವ ಸೆಕ್ರೋಪಿನ್ ಮತ್ತು ಜೇನುನೊಣದ ವಿಷದ ಮೆಲಿಟಿನ್ ಎಂಬ ಪೆಪ್ಟೈಡ್‌ಗಳ ಅಂಶಗಳನ್ನು ಕೂಡಿಸಿ ರೂಪಿಸಿದ ಬಿಪಿ100 ಎಂಬುದು 11 ಅಮೈನೋ ಆಮ್ಲಗಳ ಪೆಪ್ಟೈಡ್. ಅದು ಬ್ಯಾಕ್ಟೀರಿಯಾ ರೋಗಗಳಿಗೆಂದು ರೂಪುಗೊಂಡದ್ದರಿಂದ, ಅಲ್ಲಿನ ಪ್ರಮಾಣವನ್ನು ಇಲ್ಲಿಗೆ ಹಾಗೆಯೇ ತರಬಾರದು.

ಪೆಪ್ಟೈಡನ್ನು ಶುದ್ಧ ಬಟ್ಟಿ ನೀರಿನಲ್ಲಿ ಕರಗಿಸಿ, ಸಣ್ಣ ಪಾಲುಗಳಾಗಿ ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಿ. ಇಂಥ ಪೆಪ್ಟೈಡ್ ಗಾಜಿಗೆ ಅಂಟಿಕೊಂಡು ನಷ್ಟವಾಗುವುದರಿಂದ ಪಾಲಿಪ್ರೊಪಿಲೀನ್ ನಳಿಕೆಗಳನ್ನೇ ಬಳಸಿ. 100 ಮೈಕ್ರೋಮೋಲಾರ್ (ದ್ರಾವಣದ ಸಾಂದ್ರತೆಯ ಅಳತೆ) ನಿಂದ ಆರಂಭಿಸಿ ಪ್ರತಿಸಲವೂ ಅರ್ಧಕ್ಕೆ ಇಳಿಸುತ್ತಾ ಹೋಗಿ. ರೋಗಕಾರಕದ ಕೃಷಿಕೆಯನ್ನು (ಪ್ರಯೋಗಾಲಯದಲ್ಲಿ ಬೆಳೆಸಿದ್ದನ್ನು) ತಣ್ಣೀರಿನಲ್ಲಿ ಕೆಲಹೊತ್ತು ಇಟ್ಟು ಕೋಣೆಯ ಉಷ್ಣತೆಗೆ ತಂದಾಗ ಚಲಬೀಜಾಣುಗಳು ಹೊರಬರುತ್ತವೆ. ಅವನ್ನು ಈ ಪೆಪ್ಟೈಡ್ ದ್ರಾವಣಗಳಿಗೆ ಮೆಲ್ಲಗೆ ಸೇರಿಸಿ. ನಳಿಕೆಯನ್ನು ಜೋರಾಗಿ ಅಲುಗಾಡಿಸಿದರೆ ಅವು ಈಜು ನಿಲ್ಲಿಸಿ ಭಿತ್ತಿ ಕಟ್ಟಿಕೊಳ್ಳುತ್ತವೆ. ಆಗ ಪೆಪ್ಟೈಡಿನ ಪರಿಣಾಮ ಯಾವುದು, ಅಲುಗಾಟದ್ದು ಯಾವುದು ಎಂದು ಹೇಳಲಾಗದು.

ನನ್ನ ಅಭಿಪ್ರಾಯದಲ್ಲಿ ನಿರ್ಣಾಯಕ ಪರೀಕ್ಷೆ ಕಾಯಿಯ ಮೇಲಿನದು. ಔಷಧಿ ಹೊಡೆಯದ ಗೊನೆಯ ಹಸಿರು ಕಾಯಿಗಳನ್ನು ತೊಳೆದು, ಪೆಪ್ಟೈಡ್ ಸಿಂಪಡಿಸಿ ಒಣಗಿಸಿ. ಒಂದು ಭಾಗಕ್ಕೆ ಕೂಡಲೇ ಚಲಬೀಜಾಣುಗಳನ್ನು ಸೋಕಿಸಿ. ಇನ್ನೊಂದು ಭಾಗವನ್ನು ಮಳೆಯಂತೆ ನೀರು ಹನಿಸಿ ತೋಯಿಸಿದ ಮೇಲೆ, ಮತ್ತೊಂದನ್ನು ಕೆಲವು ದಿನ ಬಿಟ್ಟು ಸೋಕಿಸಿ. ಕಾಯಿಯ ಮೇಲ್ಮೈಯಲ್ಲಿರುವ ಸೂಕ್ಷ್ಮಜೀವಿಗಳ ಕಿಣ್ವಗಳು ಪೆಪ್ಟೈಡನ್ನು ಕತ್ತರಿಸಬಲ್ಲವು. ಆದ್ದರಿಂದ ಪ್ರಯೋಗಾಲಯದ ತಟ್ಟೆಯಲ್ಲಿ ಗೆದ್ದದ್ದು ಕಾಯಿಯ ಮೇಲೆ ಸೋಲುವುದು ಸಾಮಾನ್ಯ. ಬರಿನೀರು ಮತ್ತು ಬೋರ್ಡೋ, ಎರಡನ್ನೂ ಹೋಲಿಕೆಗೆ ಇಡಲೇಬೇಕು. ಹಿಂಗಾರ (ಅಡಿಕೆಯ ಹೂಗೊಂಚಲು) ಮತ್ತು ಎಳೆಗಾಯಿ ಸುಡುತ್ತವೆಯೇ ಎಂಬುದನ್ನೂ ಬೇರೆಯಾಗಿ ನೋಡಿ.

ಪೆಪ್ಟೈಡನ್ನು ಬೋರ್ಡೋದೊಂದಿಗೆ ಬೆರೆಸಬೇಡಿ. ಸುಣ್ಣದ ಕ್ಯಾಲ್ಸಿಯಂ ಇಂಥ ಅನೇಕ ಪೆಪ್ಟೈಡ್‌ಗಳು ಪೊರೆಗೆ ಅಂಟುವುದನ್ನು ತಡೆಯುತ್ತದೆ.

ಕೀಟನಾಶಕ ಕಾಯ್ದೆ, 1968ರ ಅಡಿಯಲ್ಲಿ ನೋಂದಣಿಯಾಗದ ವಸ್ತುವನ್ನು ರೈತರಿಗೆ ಮಾರುವಂತಿಲ್ಲ. ತೋಟದ ಪ್ರಯೋಗವನ್ನು ಸಂಶೋಧನಾ ಸಂಸ್ಥೆಯ ಮೇಲ್ವಿಚಾರಣೆಯಲ್ಲಿ ಕೆಲವೇ ಮರಗಳಿಗೆ ಸೀಮಿತಗೊಳಿಸಿ, ಆ ಗೊನೆಗಳನ್ನು ಮಾರಾಟದ ಅಡಿಕೆಯೊಂದಿಗೆ ಸೇರಿಸಬೇಡಿ. ಉಳಿದ ಮರಗಳಿಗೆ ಮುಂಗಾರಿಗೆ ಮುನ್ನ ಒಮ್ಮೆ, ಸುಮಾರು 40–45 ದಿನಗಳ ಬಳಿಕ ಮತ್ತೊಮ್ಮೆ ಬೋರ್ಡೋ ಸಿಂಪಡಣೆ ಎಂದಿನಂತೆ ನಡೆಯಲಿ.