ಪುನರ್ವಸು ಮಳೆಗೆ ಅಳೆದ ಸೋಲಾರ್

ನಮ್ಮ ಮನೆ ಸಿದ್ದಾಪುರ ತಾಲೂಕಿನ ಒಂದು ಕಣಿವೆಯ ಬುಡದಲ್ಲಿದೆ. ಡಿಸೆಂಬರಿನಲ್ಲಿ ಒಂಬತ್ತೂವರೆಗೆ ಅಂಗಳಕ್ಕೆ ಬಿಸಿಲು ಬಂದರೆ ನಾಲ್ಕಕ್ಕೆ ಗುಡ್ಡದ ಹಿಂದೆ ಹೋಗಿರುತ್ತದೆ. ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಲೈನ್ ಎಳೆಸಲು ಹನ್ನೊಂದು ಕಂಬ ಬೇಕು, ನಾಲ್ಕೂ ಮುಕ್ಕಾಲು ಲಕ್ಷ ಅಂತ ಅಂದಾಜು ಬಂದಿತ್ತು. ಎಳೆದ ಮೇಲೂ ಮರ ಬಿದ್ದಾಗಲೆಲ್ಲ ವಾರಗಟ್ಟಲೆ ಕತ್ತಲೆ. ಹಾಗಾಗಿ ಸೋಲಾರ್ ಮಾತ್ರ ಸಾಕು ಅಂತ ಹೊರಟೆ. "ಮಳೆಗಾಲದಲ್ಲಿ ಸೂರ್ಯನೇ ಇಲ್ಲೆ, ಎಂಥ ಸೋಲಾರೋ ಮಾರಾಯಾ" ಅಂದವರು ಮೇಲಿನಮನೆ ಭಾವ. 2025ರದ್ದೂ ಸೇರಿ ಈಗ ಆರು ಮಳೆಗಾಲ ದಾಟಿದೆ. ಫ್ರಿಜ್ಜು, ಮಿಕ್ಸಿ, ಟಿವಿ, ವೈಫೈ ಎಲ್ಲ ನಡೆಯುತ್ತಿದೆ, ಜನರೇಟರ್ ಹಾಕಿದ್ದು ಆರು ವರ್ಷದಲ್ಲಿ ಒಟ್ಟು ಒಂಬತ್ತೋ ಹತ್ತೋ ಸಲ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಳೆದುಕೊಂಡ ದುಡ್ಡಿನ ಲೆಕ್ಕ. 2015ರಲ್ಲಿ 250 ವ್ಯಾಟಿನ ಎರಡು ಪ್ಯಾನಲ್ ತಂದೆ, 60 ಸೆಲ್ಲಿನವು. ಕೆಳಗೆ 12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್ ಬ್ಯಾಟರಿ ಎರಡು, ಮಧ್ಯೆ ಅಂಗಡಿಯವನೇ ಕೊಟ್ಟ 20 ಆಂಪಿಯರ್ ಪಿಡಬ್ಲ್ಯೂಎಂ ಕಂಟ್ರೋಲರ್. ಕಂಟ್ರೋಲರ್ ಅಂದರೆ ಪ್ಯಾನಲಿನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹದದಲ್ಲಿಡುವ ಪೆಟ್ಟಿಗೆ, ಪಿಡಬ್ಲ್ಯೂಎಂ ಅದರಲ್ಲಿ ಅಗ್ಗದ ಬಗೆ. 500 ವ್ಯಾಟಿಗೆ ದುಡ್ಡು ಕೊಟ್ಟಿದ್ದೆ, ನಡುಮಧ್ಯಾಹ್ನ ಕ್ಲ್ಯಾಂಪ್ ಮೀಟರ್ ಹಿಡಿದರೆ 16 ಆಂಪಿಯರ್. ಬ್ಯಾಟರಿ 13 ವೋಲ್ಟ್, ಗುಣಿಸಿದರೆ 208 ವ್ಯಾಟ್. 30 ವೋಲ್ಟಿನಲ್ಲಿ ದುಡಿಯಬೇಕಾದ ಪ್ಯಾನಲನ್ನು ಪಿಡಬ್ಲ್ಯೂಎಂ ಬ್ಯಾಟರಿಯ ಮಟ್ಟಕ್ಕೆ ಜಗ್ಗಿ ಕೂರಿಸಿತ್ತು. ಅರ್ಧಕ್ಕಿಂತ ಹೆಚ್ಚು ದುಡ್ಡು ಮಾಡಿನ ಮೇಲೆ ಬಿಸಿಲು ಕಾಯಿಸುತ್ತ ಕೂತಿತ್ತು ಅನ್ನಿ.

ಆಮೇಲೆ ಆನ್‌ಲೈನಿನಲ್ಲಿ 1,600 ರೂಪಾಯಿಗೆ 'ಎಂಪಿಪಿಟಿ' ಅಂತ ದಪ್ಪ ಅಕ್ಷರದಲ್ಲಿ ಬರೆದದ್ದು ತರಿಸಿದೆ. ಎಂಪಿಪಿಟಿ ಅಂದರೆ ಪ್ಯಾನಲಿನ ಹೆಚ್ಚಿನ ವೋಲ್ಟೇಜನ್ನು ಹೆಚ್ಚಿನ ಆಂಪಿಯರ್ ಮಾಡಿ ಬ್ಯಾಟರಿಗೆ ಕೊಡುವ ಕಂಟ್ರೋಲರ್. ಬಂದಿದ್ದು ಪಿಡಬ್ಲ್ಯೂಎಂ, ಮೇಲೆ ಸ್ಟಿಕ್ಕರ್ ಮಾತ್ರ ಬೇರೆ. ಇದನ್ನು ಹಿಡಿಯುವುದು ಬಲು ಸುಲಭ. ಪ್ಯಾನಲಿನಿಂದ ಬರುವ ಆಂಪಿಯರ್, ಬ್ಯಾಟರಿಗೆ ಹೋಗುವ ಆಂಪಿಯರ್, ಎರಡನ್ನೂ ಅಳೆಯಿರಿ. ಬ್ಯಾಟರಿ ಹಸಿದಿರುವಾಗ ಅಳೆಯಬೇಕು, ತುಂಬಿದ ಮೇಲಲ್ಲ. ಪ್ಯಾನಲಿನ ವೋಲ್ಟೇಜು ಬ್ಯಾಟರಿಗಿಂತ ಎಷ್ಟೋ ಮೇಲಿದ್ದೂ ಎರಡೂ ಆಂಪಿಯರ್ ಒಂದೇ ಇದ್ದರೆ ಮೋಸ ಹೋಗಿದ್ದೀರಿ. ನಿಜವಾದದ್ದರಲ್ಲಿ ಒಳಗೆ 8 ಹೋದರೆ ಹೊರಗೆ 16ರ ಹತ್ತಿರ ಬರುತ್ತದೆ.

ಮೂರನೆಯದು ನಿಜವಾದ ಎಂಪಿಪಿಟಿ, ಗರಿಷ್ಠ 75 ವೋಲ್ಟ್ ಅಂತ ಮೈಮೇಲೇ ಬರೆದಿತ್ತು. ನನ್ನ ಪ್ಯಾನಲಿನ ವಿಒಸಿ, ಅಂದರೆ ಏನೂ ಜೋಡಿಸದೆ ಬರಿ ಪ್ಯಾನಲಿನಲ್ಲಿ ಬರುವ ವೋಲ್ಟೇಜು, 37.4. ಎರಡನ್ನು ಸೀರೀಸಿಗೆ, ಅಂದರೆ ಒಂದರ ಹಿಂದೊಂದು, ಹಾಕಿದರೆ ವೋಲ್ಟ್ ಕೂಡಿ 74.8. ಕೂತು ಹೋಯಿತಲ್ಲ ಅಂತ ಬೀಗಿದೆ. ಬೇಸಿಗೆ ಮಳೆಗಾಲ ಎಲ್ಲ ಸರಿಯಾಗಿಯೇ ನಡೆಯಿತು. 2016ರ ಡಿಸೆಂಬರಿನ ಒಂದು ಬೆಳಿಗ್ಗೆ, ಮಂಜು ಹರಿದು ಥಟ್ಟನೆ ಬಿಸಿಲು ಬಿತ್ತು ನೋಡಿ, ಕಂಟ್ರೋಲರ್ ಮುಗಿಯಿತು. ಮರುದಿನ ಅದೇ ಹೊತ್ತಿಗೆ ಬರಿ ಪ್ಯಾನಲಿಗೆ ಮೀಟರ್ ಹಿಡಿದರೆ 76.9. ಲೇಬಲ್ಲಿನ ವಿಒಸಿ 25 ಡಿಗ್ರಿಯದ್ದು, ಚಳಿಗೆ ಅದು ಏರುತ್ತದೆ, ಡಿಗ್ರಿಗೆ ನೂರಕ್ಕೆ 0.3ರ ಹಾಗೆ. ಗೊತ್ತಿರದ ವಿಷಯವೇನಲ್ಲ, ಲೆಕ್ಕಕ್ಕೆ ಹಿಡಿದಿರಲಿಲ್ಲ ಅಷ್ಟೆ. ಕಂಟ್ರೋಲರ್ ಒಳಗಿನ ದಾಖಲೆಯಲ್ಲಿ ಗರಿಷ್ಠ ವೋಲ್ಟೇಜು ಕೂತಿರುತ್ತದೆ, ವಾರಂಟಿ ಕೇಳಲು ಹೋಗಿ ಮುಖ ಸಣ್ಣ ಮಾಡಿಕೊಂಡು ಬಂದೆ. ಎಂಟು ಸಾವಿರದ ಮೇಲೆ ಹೋಯಿತು. ಈಗ ನನ್ನದು ಒಂದೇ ಹಠ: ಸೀರೀಸಿನ ವಿಒಸಿ ಕಂಟ್ರೋಲರಿನ ಮಿತಿಯ ನೂರಕ್ಕೆ ಎಂಬತ್ತೈದು ದಾಟಕೂಡದು. ವ್ಯಾಟ್ ದಾಟಿದರೆ ಅದು ತನಗೆ ಬೇಕಾದಷ್ಟು ತಗೊಂಡು ಉಳಿದದ್ದನ್ನು ಬಿಡುತ್ತದೆ, ವೋಲ್ಟ್ ದಾಟಿದರೆ ಸಾಯುತ್ತದೆ.

ಬ್ಯಾಟರಿಗಳು ಹೋದದ್ದು ಸದ್ದಿಲ್ಲದೆ. ಎರಡು ಮಳೆಗಾಲ ಅರೆಹೊಟ್ಟೆಯಲ್ಲಿ ಕೂತವು, ಬ್ಯಾಟರಿಯ ಆಮ್ಲ ಎಷ್ಟು ಗಟ್ಟಿ ಅಂತ ತೋರಿಸುವ ಹೈಡ್ರೋಮೀಟರಿನಲ್ಲಿ 1.180 ದಾಟಲೇ ಇಲ್ಲ. 2018ಕ್ಕೆ ಗುಜರಿಗೆ ಕೊಟ್ಟೆ. ಅಂಗಡಿಯವನು "ಇನ್ನೆರಡು ಬ್ಯಾಟರಿ ಜಾಸ್ತಿ ಹಾಕಿ ಸಾರ್" ಅಂದ. ಊಟವೇ ಸಾಲದ ಮನೆಗೆ ಇನ್ನಿಬ್ಬರು ನೆಂಟರನ್ನು ಕರೆದ ಹಾಗೆ.

ಮಧ್ಯೆ ಅಬ್ಬಿ ನೀರಿನಿಂದ ಕರೆಂಟ್ ಮಾಡುವ ಪ್ರಯೋಗವೂ ಒಂದು ಆಯಿತು. ಮನೆ ಹಿಂದಿನ ಅಬ್ಬಿಯಿಂದ ಎರಡೂವರೆ ಇಂಚಿನ ಪೈಪ್ ಇಳಿಸಿ, ಸುಮಾರು 18 ಮೀಟರ್ ಇಳಿಜಾರಿನಲ್ಲಿ ಸಣ್ಣ ಪೆಲ್ಟನ್ ಚಕ್ರ ಕೂರಿಸಿದೆ. ಮೊದಲು ಹಳೇ ಕಾರಿನ ಆಲ್ಟರ್ನೇಟರ್ ಕಟ್ಟಿದ್ದೆ, ಅದಕ್ಕೆ ಬೇಕಾದ ವೇಗ ನಮ್ಮ ನೀರಿಗೆ ಇಲ್ಲ. ಆಮೇಲೆ ಮ್ಯಾಗ್ನೆಟ್ಟಿನದ್ದು ಹಾಕಿದ ಮೇಲೆ ನೂರು ವ್ಯಾಟ್ ಸುಮಾರಿಗೆ ಹಗಲೂ ರಾತ್ರಿ ಬಂತು, ದಿನಕ್ಕೆ ಎರಡು ಎರಡೂವರೆ ಯೂನಿಟ್. ಎಲೆ ಸಿಕ್ಕಿ ನಿಂತಾಗಲೆಲ್ಲ ಉಂಬಳದ ನಡುವೆ ಹತ್ತಿ ಹೋಗಿ ಬಿಡಿಸಬೇಕು. 2019ರ ಆಗಸ್ಟಿನ ಮಳೆ ನೆನಪಿರಬೇಕಲ್ಲ, ಧರೆ ಜರಿದು ಪೈಪು ಚಕ್ರ ಎಲ್ಲ ಹೊಳೆ ಸೇರಿತು. ಅಬ್ಬಿ ಇದ್ದವರಿಗೆ ಅದು ಒಳ್ಳೆಯದೇ, ನನಗೆ ಮಾತ್ರ ಮತ್ತೆ ಗುಡ್ಡ ಹತ್ತುವ ಮನಸ್ಸಾಗಲಿಲ್ಲ.

ಆಗ ಲೆಕ್ಕವನ್ನೇ ತಿರುಗಿಸಿದೆ. ಅಂಗಡಿಯವರ ಲೆಕ್ಕ ಹೇಗಿರುತ್ತದೆ? ದಿನಕ್ಕೆ ಮೂರು ಯೂನಿಟ್ ಬೇಕು, ಬಿಸಿಲು ಐದು ತಾಸು, 600 ವ್ಯಾಟ್, ನಷ್ಟಕ್ಕೆ ಅಂತ ಸೇರಿಸಿ 800. ವರ್ಷದ ಸರಾಸರಿಗೆ ಇದು ಸುಳ್ಳಲ್ಲ. ಆದರೆ ಸರಾಸರಿಯ ದಿನ ನಮ್ಮಲ್ಲಿ ಯಾವಾಗ ಇರುತ್ತದೆ? ಆ ಮಳೆಗಾಲದಲ್ಲೇ ಹಳೇ ಎರಡು ಪ್ಯಾನಲಿಗೆ ಒಂದೊಂದು ವ್ಯಾಟ್ ಮೀಟರ್ ಹಾಕಿ, ಆರಿದ್ರಾ ಮಳೆಯಿಂದ ಆಶ್ಲೇಷದವರೆಗೆ ಪಂಚಾಂಗದ ಪಕ್ಕದಲ್ಲಿ ಬರೆದಿಟ್ಟಿದ್ದೆ. ಪುನರ್ವಸುವಿನಲ್ಲಿ ಒಂದು ಕಿಲೋವ್ಯಾಟಿಗೆ ದಿನಕ್ಕೆ ಸರಾಸರಿ ಒಂದೂ ಕಾಲು ಯೂನಿಟ್ ಬಿದ್ದರೆ ಹೆಚ್ಚು. ತೀರಾ ಕೆಟ್ಟ ದಿನ 0.4. ಈ ಅಂಕಿ ನಮ್ಮ ಕಣಿವೆಯದ್ದು, ನಿಮ್ಮದು ಬೇರೆ ಇರುತ್ತದೆ, ಬರೆದೇ ನೋಡಬೇಕು.

ಅದೇ ಪ್ಯಾನಲುಗಳಲ್ಲಿ ಇನ್ನೊಂದು ಆಟ. ಒಂದನ್ನು ದಕ್ಷಿಣಕ್ಕೆ 25 ಡಿಗ್ರಿ ಓರೆ, ಇನ್ನೊಂದನ್ನು ಎಂಟೇ ಡಿಗ್ರಿ. ಜುಲೈಯಲ್ಲಿ ಮಲಗಿದ್ದೇ ನೂರಕ್ಕೆ ಆರೇಳು ಹೆಚ್ಚು ಕೊಟ್ಟಿತು. ಮೋಡದ ಬೆಳಕು ಆಕಾಶದ ಎಲ್ಲ ಕಡೆಯಿಂದ ಬರುತ್ತದೆ, ಸಾಲದ್ದಕ್ಕೆ ಆ ತಿಂಗಳಲ್ಲಿ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕಿರುತ್ತಾನೆ. ತೀರಾ ಮಲಗಿಸಿದರೆ ಕೆಳಗಿನ ಫ್ರೇಮಿನಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ. 12 ಡಿಗ್ರಿಗೆ ರಾಜಿಯಾದೆ. ಹದಿನೈದು ದಿನಕ್ಕೊಮ್ಮೆ ಹಳೇ ದೋಟಿಯ ತುದಿಗೆ ಬಟ್ಟೆ ಸುತ್ತಿ ಒರೆಸುತ್ತೇನೆ.

ಖರ್ಚಿನ ಕಡೆ ನನ್ನನ್ನು ಬೆಚ್ಚಿಬೀಳಿಸಿದ್ದು ಇನ್ವರ್ಟರ್. ಏನೂ ಹಚ್ಚದಿದ್ದರೂ ಹಳೇದು 40 ವ್ಯಾಟ್ ತಿನ್ನುತ್ತಿತ್ತು, ದಿನಕ್ಕೆ ಒಂದು ಯೂನಿಟ್ ಹತ್ತಿರ, ಫ್ರಿಜ್ಜಿನಷ್ಟೇ! ಅದನ್ನು ಬದಲಿಸಿ 15ಕ್ಕೆ ಇಳಿಸಿದೆ. ಮಳೆಗಾಲದಲ್ಲಿ ಫ್ಯಾನ್ ಬೇಡ. ಎಲ್ಲ ಸೇರಿ ಎರಡೂವರೆ ಯೂನಿಟ್ ಸುಮಾರು. ಅಡಿಕೆ ಸುಲಿಯುವ ಯಂತ್ರವನ್ನು ಇದಕ್ಕೆ ಸೇರಿಸಲಿಲ್ಲ, ಅದು ಡೀಸೆಲ್ಲಿನ ಪಾಲಿಗಿರಲಿ.

2020ರಲ್ಲಿ ಲಾಕ್‌ಡೌನಿಗೆ ಹದಿನೈದು ದಿನ ಮುಂಚೆ 335 ವ್ಯಾಟಿನ ಎಂಟು ಪ್ಯಾನಲ್ ಬಂತು, ಒಂದಕ್ಕೆ ಎಂಟೂವರೆ ಸಾವಿರ. 2.7 ಕಿಲೋವ್ಯಾಟ್, ಅಂಗಡಿಯ ಲೆಕ್ಕದ ಮೂರು ಪಟ್ಟಿಗಿಂತ ಮೇಲೆ. ಬ್ಯಾಟರಿ ಮಾತ್ರ ನಾಲ್ಕೇ, 150 ಎಎಚ್‌ನ ಸಿ10 (ಹತ್ತು ತಾಸಿನಲ್ಲಿ ಖಾಲಿಯಾಗುವ ಲೆಕ್ಕಕ್ಕೆ ಅಳೆದದ್ದು), 24 ವೋಲ್ಟಿಗೆ ಎರಡೆರಡರಂತೆ. ಪ್ಯಾನಲ್ ಇಪ್ಪತ್ತು ವರ್ಷ ಬಾಳುತ್ತದೆ, ಬ್ಯಾಟರಿ ಐದಾರು. ದುಡ್ಡನ್ನು ಬಾಳುವುದರ ಮೇಲೆ ಹಾಕಿದೆ.

ಕಂಟ್ರೋಲರ್ 150 ವೋಲ್ಟ್, 60 ಆಂಪಿಯರಿನದ್ದು, 37 ಸಾವಿರ ಚಿಲ್ಲರೆ. ಪ್ಯಾನಲ್ ಎರಡೆರಡು ಸೀರೀಸ್, ಅಂಥ ನಾಲ್ಕು ಸಾಲು. ವಿಒಸಿ 92, ಚಳಿಗೆ 96. ನಾಲ್ಕು ಸಾಲಿನ ಶಾರ್ಟ್ ಸರ್ಕ್ಯೂಟ್ ಕರೆಂಟ್, ಅಂದರೆ ಎರಡು ತುದಿ ನೇರ ಕೂಡಿಸಿದಾಗ ಹರಿಯುವ ಕರೆಂಟ್, 38 ಆಂಪಿಯರ್, ಕಂಟ್ರೋಲರಿನ ಮಿತಿ 50. ಇದೊಂದನ್ನು ನೋಡಿಕೊಳ್ಳಿ, ಬಹಳ ಜನ ನೋಡುವುದಿಲ್ಲ. ಮೂರು ಮೂರು ಸೀರೀಸ್ ಹಾಕಬಹುದಿತ್ತಲ್ಲ ಅಂದರೆ, ಅದು 138 ಆಗಿ ನನ್ನ ಎಂಬತ್ತೈದರ ಹಠ ಮುರಿಯುತ್ತದೆ. ಸಾಲದ್ದಕ್ಕೆ ಅಡಿಕೆಮರದ ನೆರಳು ಕೋಲಿನ ಹಾಗೆ ಒಂದೊಂದೇ ಪ್ಯಾನಲ್ ದಾಟುತ್ತ ಹೋಗುತ್ತದೆ. ಸಣ್ಣ ಸಾಲುಗಳಿದ್ದರೆ ಪೆಟ್ಟು ಬಿದ್ದ ಸಾಲು ಮಾತ್ರ ಕೂರುತ್ತದೆ.

24 ವೋಲ್ಟಿನಲ್ಲಿ 60 ಆಂಪಿಯರ್ ಅಂದರೆ ಹೆಚ್ಚೆಂದರೆ 1,700 ವ್ಯಾಟ್. "ಉಳಿದ ಸಾವಿರ ವ್ಯಾಟ್ ದಂಡ" ಅಂತ ಫಿಟ್ಟಿಂಗಿಗೆ ಬಂದ ಹುಡುಗ ನಕ್ಕ. ಬೇಸಿಗೆಯಲ್ಲಿ ದಂಡವೇ. ಬೇಸಿಗೆಯಲ್ಲಿ ಕಂಬಳಿಕೊಪ್ಪೆಯೂ ಗೂಟಕ್ಕೇ ನೇತಾಡುತ್ತದೆ, ಅದನ್ನು ಯಾರಾದರೂ ದಂಡ ಅನ್ನುತ್ತಾರೆಯೇ? ಫೆಬ್ರವರಿಯಿಂದ ಹನ್ನೊಂದು ಗಂಟೆಗೆಲ್ಲ ಬ್ಯಾಟರಿ ತುಂಬಿ, ಆಮೇಲೆ ಅರ್ಧ ಎಚ್‌ಪಿ ಪಂಪು, ಇಂಡಕ್ಷನ್ ಒಲೆ ನಡೆಸುತ್ತೇವೆ.

ವೈರಿನಲ್ಲೂ ಇದೇ ಲೆಕ್ಕ. ಪ್ಯಾನಲ್ ಕೂರಿಸಿದ್ದು ಕೊಟ್ಟಿಗೆಯ ಮಾಡಿಗೆ, ಮನೆಯಿಂದ 40 ಮೀಟರ್. ಆರು ಸ್ಕ್ವೇರ್ ಎಂಎಂನ ಎರಡು ಜೋಡಿ ಎಳೆದೆ. ಬೇಸಿಗೆಯಲ್ಲಿ ನೂರಕ್ಕೆ ಆರು ವೈರಿನಲ್ಲೇ ಹೋಗುತ್ತದೆ, ಆಗ ಹೋದರೆ ಹೋಗಲಿ. ಜುಲೈಯಲ್ಲಿ ಕರೆಂಟ್ ಕಾಲುಭಾಗ, ನಷ್ಟ ಒಂದೂವರೆ. ಹತ್ತು ಸ್ಕ್ವೇರಿನ ತಾಮ್ರಕ್ಕೆ ಹಾಕುವ ದುಡ್ಡು ಉಳಿಯಿತು.

ಬಿಸಿಲಿಗಾಗಿ ಮೂರು ಅಡಿಕೆಮರ ಕಡಿಸಬೇಕಾಯಿತು. ಆಯಿ ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಫಸಲು ಕೊಡುವ ಮರ, ಅವಳದ್ದೇನೂ ತಪ್ಪಲ್ಲ.

ಅರ್ಥಿಂಗಿಗೆ ಜಂಬಿಟ್ಟಿಗೆ ನೆಲದಲ್ಲಿ ಬಹಳ ಒದ್ದಾಡಿದೆ. ಕೊನೆಗೆ ಬಚ್ಚಲುನೀರು ಹೋಗುವ ಬಾಳೆಬುಡದ ಹತ್ತಿರ ಗುಂಡಿ ತೋಡಿ ಇದ್ದಿಲು ಉಪ್ಪು ತುಂಬಿದೆ, ಬೇಸಿಗೆಯಲ್ಲೂ ಅಲ್ಲಿ ತೇವ ಆರುವುದಿಲ್ಲ. ಏಪ್ರಿಲ್ ಗುಡುಗಿಗೆ ಎರಡು ಸರ್ಜ್ ಪ್ರೊಟೆಕ್ಟರ್ ಬಲಿಯಾಗಿವೆ, ಕಂಟ್ರೋಲರಿಗೆ ಏನೂ ಆಗಿಲ್ಲ.

ಇನ್ವರ್ಟರ್, ಜಿಐ ಪೈಪು, ಎಂಸಿಬಿ ಎಲ್ಲ ಸೇರಿ ಎರಡೂ ಕಾಲು ಲಕ್ಷದ ಒಳಗೆ ಮುಗಿಯಿತು, ಅಂದರೆ ಕಂಬದ ಅಂದಾಜಿನ ಅರ್ಧ. ಹಿಂದೆ ಕಳೆದದ್ದನ್ನು ಇದರಲ್ಲಿ ಹಿಡಿದಿಲ್ಲ, ಮನೆಯಲ್ಲಿ ಯಾರೂ ಕೇಳಿಯೂ ಇಲ್ಲ. 2024ರ ಜುಲೈಯಲ್ಲಿ ನಾಲ್ಕು ದಿನ ಎರಡು ಯೂನಿಟ್ ಕೂಡ ಬರಲಿಲ್ಲ, ಫ್ರಿಜ್ಜಿನ ಹಾಲನ್ನು ಮೊಸರು ಮಾಡಿ ಬಾಗಿಲು ತೆರೆದಿಟ್ಟೆವು. ಅಷ್ಟೆ. ಬ್ಯಾಟರಿಯ ಸಾಮರ್ಥ್ಯ ಇನ್ನೂ ನೂರಕ್ಕೆ ಎಪ್ಪತ್ತು ಇದೆ. ಮಳೆಗಾಲಕ್ಕೆ ಅಬ್ಸಾರ್ಪ್ಷನ್ ವೋಲ್ಟೇಜು (ಬ್ಯಾಟರಿ ಪೂರ್ತಿ ತುಂಬಿಸುವ ಹಂತದಲ್ಲಿ ಹಿಡಿದಿಡುವ ವೋಲ್ಟೇಜು) ಎಷ್ಟಕ್ಕೆ ಏರಿಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ವಾರಕ್ಕೊಮ್ಮೆ ಡಿಸ್ಟಿಲ್ಡ್ ವಾಟರ್ ನೋಡುವ ಅಭ್ಯಾಸ ಇಲ್ಲದವರು ಅದನ್ನು ಮಾಡಿದರೆ ಬ್ಯಾಟರಿ ಸುಡುತ್ತದೆ. ಮಂಗಗಳನ್ನು ಹೇಗೆ ದೂರ ಇಟ್ಟೆ ಅನ್ನುವುದೂ ಬೇಡ, ಎಲ್ಲರೂ ಮಾಡಿದರೆ ಅವಕ್ಕೆ ರೂಢಿಯಾಗಿಬಿಡುತ್ತದೆ.

ಈ ವರ್ಷ ಮೇಲಿನಮನೆ ಭಾವನೂ ಸೋಲಾರ್ ತರಿಸಿದ್ದಾರೆ. ಹೊಸ 550 ವ್ಯಾಟಿನ ಆರು ಪ್ಯಾನಲ್, ವಿಒಸಿ 49.8. ಎರಡೆರಡು ಸೀರೀಸ್ ಮಾಡಿ, ಸಿಕ್ಕಿತು ಅಂತ 100 ವೋಲ್ಟಿನ ಕಂಟ್ರೋಲರ್ ಹಾಕಿಸಿಕೊಂಡಿದ್ದಾರೆ. ದೀಪಾವಳಿ ಮುಗಿದು ಚಳಿ ಶುರುವಾಗುವುದರೊಳಗೆ ಬದಲಿಸಿ ಅಂತ ಎರಡು ಸಲ ಹೇಳಿದೆ. "ಲೇಬಲ್ಲಿನಲ್ಲಿ ಸರಿ ಇದ್ದಲಾ" ಅಂದರು.