ಹಳೇ ಫೋನಿನಲ್ಲೇ ನೆಟ್‌ವರ್ಕ್ ರೇಡಿಯೊ: ಎಕೋಲಿಂಕ್ ಹೊಂದಿಸುವ ಬಗೆ

ನೆಟ್‌ವರ್ಕ್ ರೇಡಿಯೊ ನೋಡಲು ವಾಕಿಟಾಕಿಯಂತಿದ್ದರೂ ಒಳಗಿರುವುದು ಸಿಮ್ ಹಾಕಿದ ಆಂಡ್ರಾಯ್ಡ್ ಫೋನೇ. ಪಕ್ಕದಲ್ಲೊಂದು ಪಿಟಿಟಿ (ಒತ್ತಿ ಮಾತಾಡುವ) ಗುಂಡಿ, ಜೋರು ಸ್ಪೀಕರ್, ದೊಡ್ಡ ಬ್ಯಾಟರಿ, ಅಷ್ಟೇ. ಹಾಗಾಗಿ ಮೊದಲೇ ದುಡ್ಡು ಸುರಿಯುವ ಬದಲು ಮೂಲೆಯಲ್ಲಿ ಬಿದ್ದಿರುವ ಹಳೇ ಫೋನಿನಲ್ಲಿ ಶುರುಮಾಡಿ. ಕೊಳ್ಳಲೇಬೇಕೆಂದರೆ 4ಜಿ ಬ್ಯಾಂಡ್‌ಗಳನ್ನು ನೋಡಿ ಕೊಳ್ಳಿ: ಜಿಯೊಗೆ 3, 5, 40; ಏರ್‌ಟೆಲ್‌ಗೆ 1, 3, 8, 40. 3ಜಿ ಮಾತ್ರ ಇರುವ ಅಗ್ಗದ ಹಳೇ ಮಾದರಿಗಳು ವೈಫೈ ಸಿಗುವ ಕಡೆ ಬಿಟ್ಟರೆ ಇಲ್ಲಿ ಅಲಂಕಾರಕ್ಕಷ್ಟೇ.

ಇಂಟರ್ನೆಟ್ ಮೂಲಕ ವಾಕಿಟಾಕಿಯಂತೆ ಮಾತಾಡಿಸುವ ಜೆಲ್ಲೊ ಆ್ಯಪ್‌ಗೆ ಪರವಾನಗಿ ಬೇಕಿಲ್ಲ. ಹ್ಯಾಮ್‌ಗಳ (ಪರವಾನಗಿ ಪಡೆದ ಹವ್ಯಾಸಿ ರೇಡಿಯೊದವರ) ಚಾನೆಲ್‌ಗಳಲ್ಲಿ ಮಾತ್ರ ಕಾಲ್ ಸೈನನ್ನೇ, ಅಂದರೆ ಪರವಾನಗಿಯ ಗುರುತಿನ ಹೆಸರನ್ನೇ, ಬಳಕೆದಾರರ ಹೆಸರಾಗಿ ಕೇಳುವುದುಂಟು. ಎಕೋಲಿಂಕ್ ಹಾಗಲ್ಲ, ಅದು ಹ್ಯಾಮ್ ಸ್ಟೇಷನ್‌ಗಳನ್ನು ಇಂಟರ್ನೆಟ್ ಮೂಲಕ ಜೋಡಿಸುವ ಆ್ಯಪ್. ಆ ಕಡೆ ರಿಪೀಟರ್ (ದನಿಯನ್ನು ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ ರೇಡಿಯೊ ಕೇಂದ್ರ) ಇದ್ದರೆ ನಿಮ್ಮ ದನಿ ಹ್ಯಾಮ್ ಬ್ಯಾಂಡಿನಲ್ಲೇ ಪ್ರಸಾರವಾಗುತ್ತದೆ. ಅದಕ್ಕೇ ಭಾರತದ ಹ್ಯಾಮ್ ಪರವಾನಗಿಯ (ವಿಯು2 ಅಥವಾ ವಿಯು3ರಿಂದ ಶುರುವಾಗುವ ಕಾಲ್ ಸೈನ್) ಸ್ಕ್ಯಾನ್ ಪ್ರತಿ ಎಕೋಲಿಂಕ್‌ನವರಿಗೆ ಕಳಿಸಿ, ಕಾಲ್ ಸೈನ್ ದೃಢಪಡಿಸಿಕೊಳ್ಳಬೇಕು. ಪ್ರತಿಯಲ್ಲಿ ಹೆಸರು, ಕಾಲ್ ಸೈನ್, ಅವಧಿ ಮೂರೂ ಸ್ಪಷ್ಟವಾಗಿರಲಿ. ಮಬ್ಬು ಫೋಟೊ ಕಳಿಸಿದರೆ ಮತ್ತೆ ಕಳಿಸುವ ಕೆಲಸ. ಫೋನಿನಲ್ಲಿ ಕಾಲ್ ಸೈನನ್ನಷ್ಟೇ ಬರೆಯಿರಿ. ಕೊನೆಗೆ ‘-ಎಲ್’ ಇದ್ದರೆ ಲಿಂಕ್, ‘-ಆರ್’ ಇದ್ದರೆ ರಿಪೀಟರ್. ಅವು ರೇಡಿಯೊಗೆ ಜೋಡಿಸಿದ ಕಂಪ್ಯೂಟರ್‌ಗಳಿಗೆ. ಒಂದೇ ಕಾಲ್ ಸೈನಿನಲ್ಲಿ ಫೋನು, ಕಂಪ್ಯೂಟರು ಎರಡರಲ್ಲೂ ಒಟ್ಟಿಗೆ ಲಾಗಿನ್ ಆಗಬೇಡಿ.

ಹೆಚ್ಚಿನವರು ಎಡವುವುದು ಇಲ್ಲಿ: ಲಾಗಿನ್ ಆಗುತ್ತದೆ, ಸ್ಟೇಷನ್ ಪಟ್ಟಿಯೂ ಬರುತ್ತದೆ, ಯಾರನ್ನು ಕರೆದರೂ ಸಂಪರ್ಕ ಮಾತ್ರ ಸಿಗದು. ಇಂಟರ್ನೆಟ್ ಡೇಟಾ ಟಿಸಿಪಿ, ಯುಡಿಪಿ ಎಂಬ ಎರಡು ಬಗೆಯಲ್ಲಿ, ಪೋರ್ಟ್ ಎಂಬ ಸಂಖ್ಯೆಯ ಬಾಗಿಲುಗಳಲ್ಲಿ ಹೋಗಿಬರುತ್ತದೆ. ಪಟ್ಟಿ ಬರುವುದು ಟಿಸಿಪಿ 5200ರಲ್ಲಿ, ದನಿ ಹೋಗಿಬರುವುದು ಯುಡಿಪಿ 5198 ಮತ್ತು 5199ರಲ್ಲಿ. ಮೊಬೈಲ್ ಕಂಪನಿಗಳು ಒಂದೇ ಐಪಿ ವಿಳಾಸದ ಹಿಂದೆ ಬಹಳ ಗ್ರಾಹಕರನ್ನು ಕೂಡಿಸಿರುತ್ತವೆ, ಹೊರಗಿನಿಂದ ಬರುವ ಯುಡಿಪಿ ನಿಮ್ಮ ಫೋನಿನ ತನಕ ತಲುಪುವುದಿಲ್ಲ. ಮನೆಯ ರೂಟರ್‌ನಲ್ಲಿ ಪೋರ್ಟ್ ತೆರೆದರೆ ಸಿಮ್‌ನ ಡೇಟಾಗೆ ಏನೂ ಉಪಯೋಗವಿಲ್ಲ. ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಸಂಪರ್ಕ ವಿಧಾನವನ್ನು ‘ಡೈರೆಕ್ಟ್’ ಬಿಟ್ಟು ನಡುವಿನ ಸರ್ವರ್ ಮೂಲಕ ಹೋಗುವ ‘ರಿಲೇ’ಗೆ ಬದಲಿಸಿ, ಹೊರಬಂದು ಮತ್ತೆ ಲಾಗಿನ್ ಆಗಿ. ಎಲ್ಲರಿಗೂ ತೆರೆದಿಟ್ಟ ನಡುವಿನ ಸರ್ವರ್, ಅಂದರೆ ‘ಪಬ್ಲಿಕ್ ಪ್ರಾಕ್ಸಿ’ಯೂ ಆದೀತು. ಒಂದು ಪ್ರಾಕ್ಸಿ ಒಮ್ಮೆಗೆ ಒಬ್ಬರಿಗಷ್ಟೇ, ಹಾಗಾಗಿ ಖಾಲಿ ಇರುವುದನ್ನು ಹುಡುಕಬೇಕು.

ಯಾರನ್ನೂ ಕರೆಯುವ ಮೊದಲು 9999 ಸಂಖ್ಯೆಯ ಸ್ಟೇಷನ್‌ಗೆ, ಅಂದರೆ ‘ಎಕೋಟೆಸ್ಟ್’ಗೆ ಹೋಗಿ. ನೀವು ಆಡಿದ್ದನ್ನೇ ಅದು ತಿರುಗಿ ಕೇಳಿಸುತ್ತದೆ. ದನಿ ಒಡೆದು ಕೇಳಿದರೆ ಮೈಕ್‌ನಿಂದ ಬಾಯಿಯನ್ನು ಒಂದು ಗೇಣು ದೂರ ಇಡಿ. ಮಧ್ಯೆಮಧ್ಯೆ ಮಾತು ಕತ್ತರಿಸಿದರೆ ನೆಟ್‌ವರ್ಕ್ ತೊಂದರೆ. ಕಿಟಕಿಯ ಹತ್ತಿರ ಬಂದು ನೋಡಿ. ಏನೂ ಕೇಳದಿದ್ದರೆ ಮೈಕ್ರೊಫೋನ್ ಅನುಮತಿ ಕೊಟ್ಟಿರುವಿರೋ ನೋಡಿ. ಗುಂಡಿ ಒತ್ತಿ ಹಿಡಿಯುವ ಬಗೆಯೋ, ಒಮ್ಮೆ ತಟ್ಟಿ ಶುರುಮಾಡಿ ಇನ್ನೊಮ್ಮೆ ತಟ್ಟಿ ನಿಲ್ಲಿಸುವ ಬಗೆಯೋ ಅನ್ನುವುದನ್ನೂ ಇಲ್ಲೇ ತಿಳಿದುಕೊಳ್ಳಿ. ಇಲ್ಲದಿದ್ದರೆ ನಿಮ್ಮ ಮನೆಯ ಕುಕ್ಕರ್ ಸೀಟಿ ಯಾವುದೋ ಊರಿನ ರಿಪೀಟರ್ ಮೇಲೆ ಕೂಗುತ್ತದೆ.

ಡೇಟಾ ಖರ್ಚಿನ ಚಿಂತೆ ಬೇಡ. ದನಿಯನ್ನು ಕುಗ್ಗಿಸಿ ಕಳಿಸುವ ಜಿಎಸ್ಎಂ ಕೋಡೆಕ್ ಸೆಕೆಂಡಿಗೆ ಸುಮಾರು 13 ಕಿಲೊಬಿಟ್ ತೆಗೆದುಕೊಳ್ಳುತ್ತದೆ. ಪ್ಯಾಕೆಟ್ ಹೆಡರ್‌ಗಳನ್ನು ಸೇರಿಸಿದರೂ ಒಂದು ಗಂಟೆ ಎಡೆಬಿಡದ ಮಾತಿಗೆ 10 ಎಂಬಿ ದಾಟದು.

ಪರದೆ ಆರಿದ ಸ್ವಲ್ಪ ಹೊತ್ತಿಗೆ ಚಾನೆಲ್ ಮೌನವಾದರೆ ಫೋನೇ ಆ್ಯಪನ್ನು ಮಲಗಿಸಿದೆ ಎಂದರ್ಥ. ಆಂಡ್ರಾಯ್ಡ್ 6ರಿಂದ ಈಚೆಗೆ ಬ್ಯಾಟರಿ ಉಳಿಸುವ ಈ ಏರ್ಪಾಡು ಎಲ್ಲ ಫೋನುಗಳಲ್ಲೂ ಇದೆ. ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಆ ಆ್ಯಪ್‌ಗೆ ‘ಅನ್‌ರಿಸ್ಟ್ರಿಕ್ಟೆಡ್’ ಆರಿಸಿ. ಕೆಲವು ಕಂಪನಿಗಳ ಫೋನಿನಲ್ಲಿ ‘ಆಟೋಸ್ಟಾರ್ಟ್’ ಕೂಡ ಬೇರೆಯಾಗಿ ಕೊಡಬೇಕು. ಕಾರಿನಲ್ಲಿ ಚಾರ್ಜರ್ ಚುಚ್ಚಿದಾಗ ‘ಕುಂಯ್’ ಎನ್ನುವ ಸದ್ದು ಸೇರಿದರೆ, ಚಾರ್ಜರ್ ತೆಗೆದು 9999ರಲ್ಲಿ ಹೋಲಿಸಿ. ತೆಗೆದಾಗ ಸದ್ದು ನಿಂತರೆ ಒಳ್ಳೆಯ ಚಾರ್ಜರ್ ತನ್ನಿ, ತಂತಿಗೆ ಫೆರೈಟ್ (ಇಂಥ ಸದ್ದು ತಡೆಯುವ ಉಂಗುರ) ಹಾಕಿ.

ರಿಪೀಟರ್‌ಗೆ ಜೋಡಿಸಿಕೊಂಡ ಮೇಲೆ ಕೂಡಲೇ ಕರೆಯಬೇಡಿ, ಅರ್ಧ ನಿಮಿಷ ಕೇಳಿ. ಅಲ್ಲಿ ಇಬ್ಬರು ಮಾತಾಡುತ್ತಿರಬಹುದು. ಗುಂಡಿ ಒತ್ತಿ ಒಂದು ಸೆಕೆಂಡು ಬಿಟ್ಟು ಮಾತು ಶುರುಮಾಡಿ, ಇಲ್ಲವಾದರೆ ಕಾಲ್ ಸೈನಿನ ಮೊದಲ ಅಕ್ಷರಗಳೇ ನುಂಗಿಹೋಗುತ್ತವೆ. ಇನ್ನೊಬ್ಬರು ನಿಲ್ಲಿಸಿದ ಮೇಲೂ ಎರಡು ಮೂರು ಸೆಕೆಂಡು ತಡೆಯಿರಿ. ಲಿಂಕ್ ನಿಧಾನ, ಜೊತೆಗೆ ಅಲ್ಲಿನ ಸ್ಥಳೀಯರಿಗೆ ನಡುವೆ ಕರೆಯಲು ಸಿಗುವ ಜಾಗ ಅದೊಂದೇ. ಒಂದು ಸಲಕ್ಕೆ ಒಂದು ನಿಮಿಷ ಸಾಕು, ರಿಪೀಟರ್‌ನ ಟೈಮರ್ ಉದ್ದ ಭಾಷಣವನ್ನು ಕತ್ತರಿಸುತ್ತದೆ. ಅದೇ ರಿಪೀಟರ್‌ಗೆ ಟ್ಯೂನ್ ಮಾಡಿದ ಹ್ಯಾಂಡಿ (ಕೈಯಲ್ಲಿ ಹಿಡಿಯುವ ರೇಡಿಯೊ) ನಿಮ್ಮ ಮೇಜಿನ ಮೇಲಿದ್ದರೆ ಅದರ ದನಿ ಪೂರ್ತಿ ಇಳಿಸಿಬಿಡಿ. ನಿಮ್ಮ ಮಾತೇ ಅದರಿಂದ ಹೊರಬಂದು ಫೋನಿನ ಮೈಕ್ ಸೇರಿ ಸುತ್ತುತ್ತದೆ.

ಮಾತು ಮುಗಿಸಿ 73 (ಹ್ಯಾಮ್‌ಗಳ ವಿದಾಯದ ಶುಭಾಶಯ) ಹೇಳಿದ ಮೇಲೆ ಡಿಸ್‌ಕನೆಕ್ಟ್ ಒತ್ತಲು ಮರೆಯಬೇಡಿ. ಆ್ಯಪ್ ಮುಚ್ಚದೆ ಜೇಬಿಗೆ ಹಾಕಿದರೆ ಲಿಂಕ್ ಹಾಗೇ ಹಿಡಿದುಕೊಂಡಿರುತ್ತದೆ.